ಮುಗಿಸದ ಚಿತ್ರಗಳ ಮುಂದೆ

ಲಂಡನ್ನಿನ ಕಲಾ ಕಾಲೇಜುಗಳಲ್ಲಿ, ಪದವಿಗೆ ಮುಂಚಿನ ಒಂದು ವರ್ಷದ ಫೌಂಡೇಶನ್ ಕೋರ್ಸಿನ ಮೊದಲ ಟರ್ಮ್ ಮುಗಿಸಿ ರಜೆಗೆ ಬೆಂಗಳೂರಿಗೆ ಬಂದಿರುವ ವಿದ್ಯಾರ್ಥಿಗಳ ಕೆಲಸ ಇಲ್ಲಿದೆ.

ಈ ಪ್ರದರ್ಶನದಲ್ಲಿ ಕಟ್ಟು ಹಾಕಿಸಿದ ಚಿತ್ರ ಒಂದೂ ಇಲ್ಲ. ಮೇಜುಗಳ ಮೇಲಿರುವುದು ಬರೀ ಸ್ಕೆಚ್‌ಬುಕ್ಕುಗಳು. ಬಾಗಿಲ ಪಕ್ಕದ ಪುಸ್ತಕವನ್ನೇ ತೆಗೆದುಕೊಳ್ಳಿ. ಅದರ ತುಂಬ ಒಂದು ಮಾಮೂಲಿ ಕುರ್ಚಿ. ಮೊದಲು ಕಾಗದದ ಕಡೆ ನೋಡದೆ ಎಳೆದ ಒಂದೇ ಗೆರೆ, ಆಮೇಲೆ ಎಡಗೈಯಲ್ಲಿ ಇದ್ದಿಲಿನಿಂದ ಬಿಡಿಸಿದ್ದು, ಅನಂತರ ಕುರ್ಚಿಯನ್ನೇ ಬಿಟ್ಟು ಅದರ ಕಾಲುಗಳ ನಡುವಿನ ಖಾಲಿ ಜಾಗವನ್ನು ಕಪ್ಪು ಕಾಗದದಲ್ಲಿ ಕತ್ತರಿಸಿ ಅಂಟಿಸಿದ್ದು. ಮುಂದಿನ ಪುಟದಲ್ಲಿ ಅದೇ ಆಕಾರ ಬಟ್ಟೆಯ ಮೇಲೆ ಅಚ್ಚಾಗಿದೆ. ಪಕ್ಕದಲ್ಲಿ ಪೆನ್ಸಿಲಿನ ಒಂದು ಸಾಲು: ‘ಇದು ಬೇಡ, ಅಂದವಾಗಿದೆ ಅಷ್ಟೆ.’ ಮೊದಲ ಟರ್ಮಿನ ಗಳಿಕೆ ಆ ಸಾಲಿನಲ್ಲಿದೆ ಎಂಬುದು ನನ್ನ ವಾದ. ಸಲೀಸಾಗಿ ಬರುವುದನ್ನು ತಾನೇ ಪಕ್ಕಕ್ಕಿಡುವುದು, ಯಾಕೆ ಇಟ್ಟೆ ಎಂದು ಕಾರಣ ಹೇಳುವುದು, ಇವೆರಡನ್ನು ಕಲಿಸಲೆಂದೇ ಈ ಕೋರ್ಸ್ ಹುಟ್ಟಿದೆ.

ಇದರ ಬೇರು 1919ರ ಜರ್ಮನಿಯಲ್ಲಿದೆ. ವೈಮಾರಿನಲ್ಲಿ ಆಗಷ್ಟೇ ತೆರೆದಿದ್ದ ಬೌಹೌಸ್ ಶಾಲೆಯಲ್ಲಿ ಯೊಹಾನೆಸ್ ಇಟ್ಟೆನ್ ಎಂಬ ಮೇಷ್ಟ್ರು ಆರು ತಿಂಗಳ ಪೂರ್ವ ತರಗತಿ ಶುರು ಮಾಡಿದರು. ಮರ, ಗಾಜು, ಉಣ್ಣೆ, ಲೋಹ ಎಲ್ಲವನ್ನೂ ಮುಟ್ಟಿ ನೋಡಿದ ಮೇಲೆಯೇ ವಿದ್ಯಾರ್ಥಿ ಒಂದು ಕಾರ್ಯಾಗಾರ ಸೇರಬೇಕಿತ್ತು. 1950ರ ದಶಕದಲ್ಲಿ ಬ್ರಿಟನ್ನಿನ ಕಲಾ ಶಿಕ್ಷಕರಾದ ವಿಕ್ಟರ್ ಪಾಸ್ಮೋರ್, ರಿಚರ್ಡ್ ಹ್ಯಾಮಿಲ್ಟನ್, ಹ್ಯಾರಿ ಥಬ್ರನ್, ಟಾಮ್ ಹಡ್ಸನ್ ಈ ದಾರಿಯನ್ನು ತಮ್ಮದೇ ರೀತಿಯಲ್ಲಿ ಹಿಡಿದರು. 1959ರಲ್ಲಿ ಲಂಡನ್ನಿನಲ್ಲಿ ಅವರು ನಡೆಸಿದ ಪ್ರದರ್ಶನವೂ ಕಲಿಕೆಯ ಹಂತಗಳನ್ನೇ ಮುಂದಿಟ್ಟಿತ್ತು. ಮರುವರ್ಷ ವಿಲಿಯಂ ಕೋಲ್ಡ್‌ಸ್ಟ್ರೀಮ್ ಅಧ್ಯಕ್ಷತೆಯ ಕಲಾ ಶಿಕ್ಷಣ ಸಮಿತಿಯ ವರದಿ ಬಂತು. ಕಲಾ ಡಿಪ್ಲೊಮಾಕ್ಕೆ ಮುನ್ನ ಇಂಥ ತಯಾರಿ ಇರಬೇಕೆಂಬುದು ಅಲ್ಲಿಂದ ಪದ್ಧತಿಯಾಯಿತು. ಇಂದಿಗೂ ಮೊದಲ ಟರ್ಮ್‌ನಲ್ಲಿ ವಿದ್ಯಾರ್ಥಿಯನ್ನು ಚಿತ್ರಕಲೆ, ಗ್ರಾಫಿಕ್ಸ್, ಬಟ್ಟೆ, ಮೂರು ಆಯಾಮದ ವಿನ್ಯಾಸ ಎಂದು ವಿಭಾಗದಿಂದ ವಿಭಾಗಕ್ಕೆ ಸುತ್ತಿಸುತ್ತಾರೆ.

ಪಾಲಕರ ಮೊದಲ ಆಕ್ಷೇಪ ದುಡ್ಡಿನದು, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹತ್ತೊಂಬತ್ತು ತುಂಬದ ಇಂಗ್ಲೆಂಡಿನ ಮಕ್ಕಳಿಗೆ ಸಾಮಾನ್ಯವಾಗಿ ಫೌಂಡೇಶನ್ ವರ್ಷದ ಬೋಧನಾ ಶುಲ್ಕವಿಲ್ಲ. ಹೊರದೇಶದವರು ಪೂರಾ ಶುಲ್ಕ ಕಟ್ಟಬೇಕು, ಮೇಲೆ ವೀಸಾ, ಬಾಡಿಗೆ. ಅಷ್ಟು ತೆತ್ತು ಎಡಗೈಯಲ್ಲಿ ಕುರ್ಚಿ ಬಿಡಿಸಬೇಕೇ? ಬೇಕು ಎನ್ನುತ್ತೇನೆ, ಯಾಕೆಂದರೆ ಇಂಗ್ಲೆಂಡಿನಲ್ಲಿ ಕಲಾ ಪದವಿ ಸಾಮಾನ್ಯವಾಗಿ ಮೂರೇ ವರ್ಷದ್ದು, ಮತ್ತು ಮೊದಲ ದಿನದಿಂದಲೇ ಒಂದೇ ವಿಷಯಕ್ಕೆ ಕಟ್ಟಿಹಾಕುವಂಥದ್ದು. ಫ್ಯಾಷನ್ ಅಂದುಕೊಂಡು ಹೋದವಳಿಗೆ ತನ್ನ ಒಲವು ಶಿಲ್ಪದ ಕಡೆ ಎಂದು ಎರಡನೇ ವರ್ಷದಲ್ಲಿ ಗೊತ್ತಾದರೆ ಆಗುವ ನಷ್ಟ ಇದಕ್ಕಿಂತ ದೊಡ್ಡದು. ಆದರೂ ಕಾಲೇಜುಗಳ ಪರವಾಗಿ ಒಂದು ಮಾತು ನನ್ನಿಂದ ಆಡಲಾಗದು. ಸೆಪ್ಟೆಂಬರಿನಲ್ಲಿ ಕೋರ್ಸ್ ಶುರು, ಜನವರಿ ಮುಗಿಯುವುದರೊಳಗೆ ಪದವಿಗೆ ಅರ್ಜಿ ಹಾಕಬೇಕು. ನಿಧಾನವಾಗಿ ಹುಡುಕು ಎನ್ನುತ್ತಲೇ ಹಿಂದಿನಿಂದ ಅವಸರ ಮಾಡುವ ವ್ಯವಸ್ಥೆ ಇದು. ಆ ಅವಸರದ ಭಾರ ಊರು, ಅಡುಗೆ, ಹವೆ ಎಲ್ಲಕ್ಕೂ ಒಗ್ಗಿಕೊಳ್ಳಬೇಕಾದ ಹೊರಗಿನ ಮಗುವಿನ ಮೇಲೆ ಹೆಚ್ಚು ಬೀಳುತ್ತದೆ.

ಎರಡನೆಯ ಆಕ್ಷೇಪ ನಮ್ಮ ಕಲಾವಿದರದು. ಕೈ ಪಳಗುವ ಮೊದಲೇ ಪಳಗಿದ್ದನ್ನು ಮರೆ ಎನ್ನುವುದು ಯಾವ ನ್ಯಾಯ? ಉಡುಪಿ ಸೀಮೆಯ ಚಿತ್ರಕಾರ ಕೆ. ಕೆ. ಹೆಬ್ಬಾರರು ಮುಂಬಯಿಯಲ್ಲಿ ಪಳಗಿದ ಮೇಲೆ, ಮೂವತ್ತೆಂಟರ ಆಸುಪಾಸಿನಲ್ಲಿ, ಪ್ಯಾರಿಸ್ಸಿಗೆ ಹೋದವರು. ಹದಿನೆಂಟರ ಮಕ್ಕಳಿಗೆ ಆ ಬಂಡವಾಳವಿಲ್ಲ. ಈ ಮಾತಿನಲ್ಲಿ ಸತ್ಯವಿದೆ. ಮೈಸೂರು ಶೈಲಿಯ ಗೆರೆಯನ್ನು ವರ್ಷಗಟ್ಟಲೆ ತಿದ್ದಿ ಕಲಿತ ಕೈಗೆ ಈ ಕೋರ್ಸಿನ ಎರಡು ವಾರದ ಅಭ್ಯಾಸಗಳು ಆಟದಂತೆ ಕಂಡರೆ ತಪ್ಪಿಲ್ಲ. ಆದರೆ ಈ ಪದ್ಧತಿ ನಮಗೆ ಪೂರ್ತಿ ಪರಕೀಯವೂ ಅಲ್ಲ. ಬೌಹೌಸಿನ ಕೃತಿಗಳು 1922ರಲ್ಲೇ ಕಲ್ಕತ್ತೆಯಲ್ಲಿ ಪ್ರದರ್ಶನಗೊಂಡಿದ್ದವು; 1961ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲೂ ಫೌಂಡೇಶನ್ ಹಂತವಿದೆ. ಪಳಗಿದ ಕೈಯನ್ನು ಈ ಪದ್ಧತಿ ಕೆಡಿಸುವುದಿಲ್ಲ, ಅದೊಂದನ್ನೇ ನೆಚ್ಚಿಕೊಳ್ಳಲು ಬಿಡುವುದಿಲ್ಲ, ಅಷ್ಟೆ. ನನಗೆ ನಿಜವಾಗಿ ಚಿಂತೆಯಾಗುವುದು ‘ಕ್ರಿಟ್’ನ ವಿಚಾರ. ಗೋಡೆಗೆ ಕೆಲಸ ಅಂಟಿಸಿ, ಸುತ್ತ ನಿಂತವರ ಪ್ರಶ್ನೆಗೆ ಅಲ್ಲಿಯೇ ಉತ್ತರಿಸಬೇಕು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದವರಿಗೂ ಅನುಮಾನವನ್ನು ಇಂಗ್ಲಿಷಿನಲ್ಲಿ ಆಡಿ ತೋರಿಸುವುದು ಕಷ್ಟ. ಮೌನವಾಗಿ ನಿಂತವಳಿಗೆ ವಿಚಾರವಿಲ್ಲ ಎಂದು ಬರೆದುಬಿಡುವ ಮೇಷ್ಟ್ರು ಮೊದಲು ಅವಳ ಪುಸ್ತಕ ತೆರೆದು ನೋಡಬೇಕು. ಇಲ್ಲಿನ ಹಲವು ಪುಸ್ತಕಗಳ ಅಂಚಿನಲ್ಲಿ ಕನ್ನಡ ಟಿಪ್ಪಣಿಗಳಿವೆ. ಮಕ್ಕಳೇ, ಅವನ್ನು ಅಳಿಸಬೇಡಿ. ಮೊದಲು ಕನ್ನಡದಲ್ಲೇ ಜಗಳವಾಡಿ, ಆಮೇಲೆ ಕ್ರಿಟ್‌ಗೆ ಬೇಕಾದಷ್ಟನ್ನು ಇಂಗ್ಲಿಷಿಗೆ ತನ್ನಿ.

ಬಂದಿರುವವರಲ್ಲಿ ನನ್ನ ಕೋರಿಕೆ ಇಷ್ಟೇ. ಇವುಗಳಲ್ಲಿ ಯಾವುದು ಚೆನ್ನಾಗಿದೆ ಎಂದು ಮಕ್ಕಳನ್ನು ಕೇಳಬೇಡಿ, ಯಾವುದನ್ನು ಬಿಟ್ಟೆ, ಯಾಕೆ ಬಿಟ್ಟೆ ಎಂದು ಕೇಳಿ. ಪುಟ ತಿರುವಿ ನೋಡಲು ಯಾವ ಅಡ್ಡಿಯೂ ಇಲ್ಲ. ಇದ್ದಿಲು ಕೈಗೆ ಹತ್ತುತ್ತದೆ, ಬಿಳಿ ಅಂಗಿ ಹಾಕಿದವರು ಸ್ವಲ್ಪ ಜೋಪಾನ. ಪ್ರದರ್ಶನ ಉದ್ಘಾಟನೆಯಾಗಿದೆ, ಎಲ್ಲರೂ ಒಳಗೆ ಬನ್ನಿ.