'ದಿಸ್' ಎಂದರೆ ಯಾವುದು?



ಸಾಲಿಗ್ರಾಮದ ನಮ್ಮ ಮನೆಗೆ ಹಿಂದೊಮ್ಮೆ ಇಂಗ್ಲಿಷಿನಲ್ಲಿ ಒಂದು ಕಾಗದ ಬಂದಿತ್ತು: ಜಮೀನನ್ನು ಅಳೆಯಲಾಗುವುದು, ಬಳಿಕ ಒಂದು ಭಾಗ ದಾಯಾದಿಗಳ ಖಾತೆಗೆ ಸೇರುವುದು, 'ದಿಸ್'ಗೆ ತಮ್ಮ ಒಪ್ಪಿಗೆ ಬೇಕು. ಹೈಸ್ಕೂಲು ಹುಡುಗನಾಗಿದ್ದ ನಾನು, ಒಪ್ಪಿಗೆ ಅಳತೆಗೆ ಮಾತ್ರವೆಂದು ಹೇಳಿ ತಂದೆಯವರಿಂದ ರುಜು ಹಾಕಿಸಿದೆ. ಕೈಬಿಟ್ಟದ್ದು 12 ಗುಂಟೆ.

'ದಿಸ್' ಹಿಂದಿನ ಒಂದು ನಾಮಪದವನ್ನು ಸೂಚಿಸಬಹುದು. ಹಿಂದಿನ ಮಾತನ್ನು ಇಡಿಯಾಗಿಯೂ ಸೂಚಿಸಬಹುದು. ನಮ್ಮ ಇವನು, ಇವಳು, ಇದು ಎಂಬ ಲಿಂಗಭೇದವೂ ಅದಕ್ಕಿಲ್ಲ. ಆದುದರಿಂದ ಅದರ ಸ್ಥಾನದಲ್ಲಿ ಆ ವಿಷಯವನ್ನೇ ಇಟ್ಟು ಓದಿ ನೋಡಬೇಕು.

ನಮ್ಮೂರಿನಲ್ಲಿ ತಂಗಿದ್ದರೆಂದು ಪ್ರತೀತಿಯಿರುವ ರಾಮಾನುಜಾಚಾರ್ಯರು, ಉಪನಿಷತ್ತಿನ 'ತತ್' ಏನನ್ನು ನಿರ್ದೇಶಿಸುತ್ತದೆಂದು 'ವೇದಾರ್ಥಸಂಗ್ರಹ'ದಲ್ಲಿ ವಿಸ್ತಾರವಾಗಿ ವಿಚಾರಿಸಿದ್ದಾರೆ. ಅದೇ ಊರಿನ ನಾನು ಅಂದು ಒಂದು ಗಳಿಗೆಯೂ ವಿಚಾರಿಸಲಿಲ್ಲ.