ಪತಂಗ ಮತ್ತು ಗೆದ್ದಲು



ಮುಂಗಾರಿನ ಮೊದಲ ಮಳೆ ನಿಂತ ಸಂಜೆ ಮಲೆನಾಡಿನ ಜಗುಲಿಯ ದೀಪಕ್ಕೆ ಈಸಲುಗಳು ಮುತ್ತುತ್ತವೆ. ಅದೇ ದೀಪದ ಬಳಿ ಒಮ್ಮೊಮ್ಮೆ ಅಂಗೈಗಿಂತ ಅಗಲವಾದ ಕಂದು ಪತಂಗವೊಂದು ಗೋಡೆಗೆ ಅಂಟಿ ಕುಳಿತಿರುತ್ತದೆ. ಅದು ಅಟ್ಲಾಸ್ ಪತಂಗ. ಈಸಲೆಂದರೆ ರೆಕ್ಕೆ ಬಂದ ಗೆದ್ದಲು. ಎರಡೂ ಕೀಟಗಳೇ, ಬದುಕುವ ಬಗೆಯಲ್ಲಿ ಮಾತ್ರ ಅಜಗಜಾಂತರ.

ಅಟ್ಲಾಸ್ ಪತಂಗದ ರೆಕ್ಕೆಗಳ ಹರವು ಸುಮಾರು 24 ಸೆಂಟಿಮೀಟರ್. ಇಷ್ಟು ದೊಡ್ಡ ಜೀವಿಗೆ ಉಣ್ಣಲು ಬಾಯಿಯೇ ಇಲ್ಲ! ಹುಳುವಾಗಿದ್ದಾಗ ದಾಲ್ಚಿನ್ನಿಯಂತಹ ಮರಗಳ ಎಲೆ ತಿಂದು ಕೂಡಿಟ್ಟ ಕೊಬ್ಬೇ ಅದರ ಬುತ್ತಿ. ಒಂದೆರಡು ವಾರಗಳಲ್ಲಿ ಆ ಬುತ್ತಿಯೂ ಬದುಕೂ ಮುಗಿಯುತ್ತವೆ. ಅಷ್ಟರೊಳಗೆ ಗಂಡು ತನ್ನ ಗರಿಯಂತಹ ಕುಡಿಮೀಸೆಗಳಿಂದ ಹೆಣ್ಣಿನ ವಾಸನೆ ಹಿಡಿದು, ಕತ್ತಲಲ್ಲಿ ಅದನ್ನು ಹುಡುಕಿ ಸೇರಬೇಕು. ದೀಪದ ಸುತ್ತ ಕಳೆದುಹೋದ ಒಂದು ರಾತ್ರಿಯ ಬೆಲೆಯನ್ನು ಈ ಲೆಕ್ಕದಿಂದಲೇ ಅಳೆಯಬೇಕು. ಕೀಟಗಳು ಬೆಳಕಿನ ಕಡೆಯನ್ನೇ ಆಕಾಶವೆಂದು ಬಗೆದು ಅದಕ್ಕೆ ಬೆನ್ನು ತಿರುಗಿಸಿ ಹಾರುವುದರಿಂದ ದೀಪದ ಸುತ್ತಲೇ ಸಿಕ್ಕಿಬೀಳುತ್ತವೆ ಎಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ದೀಪಕ್ಕೆ ಮರುಳಾದ ಪತಂಗವೆಂಬ ಕವಿಕಲ್ಪನೆಗೆ ಇದರಿಂದ ತುಸು ಪೆಟ್ಟಾಯಿತು.

ಗೆದ್ದಲಿನದು ಬೇರೆಯೇ ಸಂಸಾರ. ಪತಂಗದಂತೆ ಗೂಡಿನೊಳಗೆ ಮಲಗಿ ರೂಪಾಂತರ ಹೊಂದುವ ಅವಸ್ಥೆ ಇದಕ್ಕಿಲ್ಲ. ಮರಿ ಹಲವು ಬಾರಿ ಪೊರೆ ಬಿಟ್ಟು ಕೆಲಸಗಾರನೋ ಸೈನಿಕನೋ ಆಗುತ್ತದೆ. ಜನ ಇದನ್ನು ಬಿಳಿ ಇರುವೆ ಎನ್ನುವುದುಂಟು, ಆದರೆ ಇದು ಜಿರಲೆಯ ವಂಶದ್ದು. ರಾಣಿ ಹತ್ತು ವರ್ಷಗಳಿಗೂ ಮೇಲೆ ಬದುಕಬಲ್ಲದು. ರಾಜನೂ ಅದರ ಜೊತೆಯಲ್ಲೇ ಇರುತ್ತದೆ. ಹುತ್ತ ಕಟ್ಟುವ ಗೆದ್ದಲುಗಳು ಬೇಸಾಯಗಾರರೂ ಹೌದು. ತರಗೆಲೆ, ಒಣಕಟ್ಟಿಗೆಗಳನ್ನು ತಿಂದು ಹಾಕಿದ ಹಿಕ್ಕೆಯಿಂದ ತೂತುತೂತಾದ ಗಡ್ಡೆ ಕಟ್ಟಿ, ಅದರ ಮೇಲೆ ಶಿಲೀಂಧ್ರ ಬೆಳೆಯುತ್ತವೆ. ಮಳೆಗಾಲದಲ್ಲಿ ಹುತ್ತದ ಮೇಲೆದ್ದು, ಊರವರು ಕಾದಿದ್ದು ಕಿತ್ತು ಪಲ್ಯ ಮಾಡುವ ಅಣಬೆ ಆ ಬೆಳೆಯದೇ.

ಮನೆಯ ತೊಲೆಗೆ ಹತ್ತಿದ ಗೆದ್ದಲನ್ನು ತಡೆಯಲೇಬೇಕು. ಎಳೆಯ ಸಸಿಗೂ ಅದರ ಕಾಟವುಂಟು. ಆದರೆ ಬೆಟ್ಟದಲ್ಲಿ ತನ್ನಷ್ಟಕ್ಕೆ ಸತ್ತ ಮರ ತಿಂದು ಮಣ್ಣು ಮಾಡುತ್ತಿರುವ ಹುತ್ತಕ್ಕೂ ಕ್ಲೋರ್‌ಪೈರಿಫಾಸ್ ಸುರಿಯುವುದೇಕೆ? ಕರಡಿಗೂ ಚಿಪ್ಪುಹಂದಿಗೂ ಅಲ್ಲಿಯೇ ಊಟ. ಆ ಅಣಬೆಯಾದರೋ ಗೆದ್ದಲಿನ ಆರೈಕೆಯಿಲ್ಲದೆ ಬೆಳೆಯದು. ಗೆದ್ದಲು ಸತ್ತ ಹುತ್ತದ ಮೇಲೆ ಮರುವರ್ಷ ಅದನ್ನು ಹುಡುಕಿ ಹೋದವರು ಬರಿಗೈಯಲ್ಲಿ ಮರಳುತ್ತಾರೆ.