ಕರೆ ಬಂದವಳು



ಕೃಷ್ಣೆ ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡುತ್ತಾಳೆ. ವಚನಕಾರ್ತಿಯರಾದ ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮರ ಮಾತಿಗೆ ಕಿವಿಗೊಟ್ಟ ನಾಡಿದು. ಇದೇ ನಾಡಿನ ಗುಳೇದಗುಡ್ಡದ ನೇಕಾರರ ನಡುವೆ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆ 1851ರಲ್ಲಿ ನೆಲೆಯೂರಿತು. ಅದು ಕಟ್ಟಿದ ಕ್ರೈಸ್ತ ಸಭೆಗಳಲ್ಲಿ ಬೆಳೆದ ಹುಡುಗಿ ಶಿಕ್ಷಕಿಯಾಗಬಹುದಿತ್ತು, ನರ್ಸ್ ಆಗಬಹುದಿತ್ತು, ಮನೆಮನೆಗೆ ಹೋಗಿ ಬೈಬಲ್ ಓದಿ ಹೇಳಬಹುದಿತ್ತು. ಆರಾಧನೆಯಲ್ಲಿ ಪ್ರಭುಭೋಜನದ ರೊಟ್ಟಿ ಮುರಿಯುವ ಸಭಾಪಾಲಕರ ಕೆಲಸ ಮಾತ್ರ ಗಂಡಸರದಾಗಿತ್ತು. ಆ ಕೆಲಸಕ್ಕೇ ದೇವರು ತನ್ನನ್ನು ಕರೆಯುತ್ತಿದ್ದಾನೆ ಎಂದು ಇಪ್ಪತ್ತರ ಹುಡುಗಿಗೆ ಅನಿಸಿದರೆ ಯಾರ ಮುಂದೆ ಹೇಳಿಕೊಳ್ಳಬೇಕು? ಅವ್ವನಿಗೆ ಮದುವೆಯ ಚಿಂತೆ, ಅಪ್ಪನಿಗೆ ಮಂದಿ ಏನಂದಾರು ಎಂಬ ಅಳುಕು. ತಾವು ಬಯಸದೆಯೇ ಬಂದ ಕರೆಯನ್ನು ಎದೆಯಲ್ಲೇ ಇಟ್ಟುಕೊಂಡು ಬಾಳಿದವರು ಎಷ್ಟು ಮಂದಿಯೋ! ಅವರನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

1947ರಲ್ಲಿ ಹುಟ್ಟಿದ, ದಕ್ಷಿಣ ಭಾರತ ಸಭೆ ಎಂಬ ಕ್ರೈಸ್ತ ಸಭೆ, ಕೊನೆಗೆ 1976ರಲ್ಲಿ ಎಲಿಜಬೆತ್ ಪಾಲ್ ಅವರಿಗೆ ಸಭಾಪಾಲಕಿಯ ದೀಕ್ಷೆ ಕೊಟ್ಟಿತು. ಆ ಸಭೆಯಲ್ಲಿ ಹೆಣ್ಣಿಗೆ ದೀಕ್ಷೆ ಸಿಕ್ಕಿದ್ದು ಅದೇ ಮೊದಲು. ದೀಕ್ಷೆಗಾಗಿ ಮಂಡಿಯೂರಿದವಳ ತಲೆಯ ಮೇಲೆ ಬಿಷಪ್ಪರೂ ಹಿರಿಯ ಪಾಲಕರೂ ಒಟ್ಟಿಗೆ ಕೈಯಿಟ್ಟು ಪ್ರಾರ್ಥಿಸುತ್ತಾರೆ, ಬೈಬಲ್ ಕೊಡುತ್ತಾರೆ. ಅಷ್ಟೇ ವಿಧಿ. ಅಷ್ಟಕ್ಕೆ ಸಭೆ ಇಷ್ಟು ವರ್ಷ ತಡಮಾಡಬಾರದಿತ್ತು. ಮುಂದೆ 2013ರಲ್ಲಿ, ನೆರೆಯ ಆಂಧ್ರದ ನಂದ್ಯಾಲದಲ್ಲಿ ಅದೇ ಸಭೆಯ ಪುಷ್ಪಲಲಿತಾ ಬಿಷಪ್ಪರೇ ಆದರು. ಇಂದು ಮಂಗಳೂರಿನ ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನಲ್ಲಿ ಹೆಣ್ಣುಮಕ್ಕಳೂ ಸಭಾಸೇವೆಗೆ ಓದುತ್ತಾರೆ.